ಸೊಸೈಟಿಯ ಕಂಬಗಳೂ ಸಿದ್ದಲಿಂಗವ್ವನ ಸಿಟ್ಟೂ

ಸಿದ್ದಲಿಂಗವ್ವನ ಹತ್ತಿರ ಕುಬಸ ಹೊಲಿಯಲು ಕೊಡಬಹುದು, ಆದರೆ ತೋಳು ಬಿಗಿಯಾಯಿತೆಂದು ದೂರು ಹೇಳಬಾರದು ಎಂಬುದು ರೋಣದ ಹೆಂಗಸರಿಗೆಲ್ಲ ಗೊತ್ತಿದ್ದ ಮಾತು. ಹೇಳಿದವರಿಗೆ ಆಕೆ, "ತೋಳು ಬಿಗಿ ಆಗಿಲ್ಲವಾ ತಂಗಿ, ನೀ ದಪ್ಪ ಆಗೀದಿ" ಎಂದು ಮುಖದ ಮೇಲೇ ಅಂದುಬಿಡುತ್ತಿದ್ದಳು. ಆದರೂ ಹಬ್ಬ ಬಂತೆಂದರೆ ಆಕೆಯ ಅಂಗಡಿಯ ಮುಂದೆ ಪಾಳಿ ಹಚ್ಚುತ್ತಿದ್ದರು. ಕೈ ಅಷ್ಟು ಚಲೋ ಇತ್ತು.

ಕಾಲು ಮಾತ್ರ ಸಣ್ಣವಳಿದ್ದಾಗಲೇ ಕೈಕೊಟ್ಟಿದ್ದವು. ಪೋಲಿಯೋ. ಹೊಲಿಗೆ ಯಂತ್ರಕ್ಕೆ ಮೋಟಾರು ಕೂಡಿಸಿಕೊಂಡಿದ್ದಳು. ಓಡಾಡಲು, ಹಿಂದೆ ಎರಡು ಗಾಲಿ ಹೆಚ್ಚಿಗೆ ಹಚ್ಚಿಸಿದ ಒಂದು ಸ್ಕೂಟರ್ ಇತ್ತು. ಐವತ್ತು ದಾಟಿದ ಮೇಲೂ ಅದರ ಮೇಲೆ ಕೂತು ಸಂತೆಗೆ, ದವಾಖಾನೆಗೆ, ಗುಡಿಗೆ, ಎಲ್ಲಿ ಬೇಕಾದಲ್ಲಿಗೆ ಹೋಗುತ್ತಿದ್ದಳು. ಮದುವೆ ಆಗಲಿಲ್ಲ. ಅದರ ಬಗ್ಗೆ ಯಾರಾದರೂ ಅಯ್ಯೋ ಎಂದರೆ ಅವರ ಜನ್ಮ ಜಾಲಾಡುತ್ತಿದ್ದಳು.

ಆಕೆಯ ತಂದೆ ಊರಿನ ಎರಿಸೀಮೆ ಸಹಕಾರಿ ಸಂಘದ ಮೊದಲ ಸದಸ್ಯರಲ್ಲಿ ಒಬ್ಬ. ಸಂಘವೆಂದು ಯಾರೂ ಅನ್ನುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅದು ಸೊಸೈಟಿ. ಬೀಜ, ಗೊಬ್ಬರ, ಸಣ್ಣ ಉಳಿತಾಯ ಎಲ್ಲಕ್ಕೂ ಜನ ಅಲ್ಲಿಗೇ ಬರುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಅವನ ಷೇರು ಮಗಳ ಹೆಸರಿಗೆ ಬಂತು. ಓಣಿಯ ಹೆಂಗಸರ ಉಳಿತಾಯದ ಗುಂಪಿನ ಕೆಲಸವೂ ಆಕೆಯದೇ ಆದ್ದರಿಂದ ವಾರಕ್ಕೊಮ್ಮೆಯಾದರೂ ಸೊಸೈಟಿಗೆ ಹೋಗುವುದು ಇದ್ದೇ ಇತ್ತು.

ಹಳೆಯ ಕಟ್ಟಡ ನೋಡಲು ಏನೂ ಇರಲಿಲ್ಲ. ಮಣ್ಣಿನ ಮಾಳಿಗೆ, ಮುಂದೆ ಉದ್ದಕ್ಕೆ ಒಂದು ಪಡಸಾಲೆ, ಅದಕ್ಕೆ ಸಾಗವಾನಿ ಕಂಬ. ಬೀದಿಯೂ ಪಡಸಾಲೆಯ ನೆಲವೂ ಒಂದೇ ಮಟ್ಟ. ಸಿದ್ದಲಿಂಗವ್ವ ಸ್ಕೂಟರ್ ಸಮೇತ ಸೀದಾ ಒಳಗೆ ಬಂದು ಕಾರ್ಯದರ್ಶಿ ಕೂಡುವ ಕಟ್ಟೆಯ ಮುಂದೆ ನಿಲ್ಲಿಸುತ್ತಿದ್ದಳು. ಆ ಕಾರ್ಯದರ್ಶಿ ಕಳಕೇಶ ಮೂಗು ಮುಚ್ಚಿಕೊಂಡು, "ಅಕ್ಕಾರ, ಹೊಗಿ, ಹೊಗಿ!" ಎಂದು ಕೂಗುತ್ತಿದ್ದ. "ನಿನ್ನ ಬೀಡಿ ಹೊಗಿಗಿಂತ ಚಲೋ ಐತಿ ಬಿಡು" ಎಂದು ಈಕೆ ಯಂತ್ರ ಬಂದ್ ಮಾಡುತ್ತಿದ್ದಳು. ಸಂತೆಗೆ ಬಂದ ರೈತರು ಪಡಸಾಲೆಯಲ್ಲಿ ರೊಟ್ಟಿ ಗಂಟು ಬಿಚ್ಚುತ್ತಿದ್ದರು. ಗಾದಿ ಹೊಲಿಯುವ ಜಂಗ್ಲಿಸಾಬ ಅಲ್ಲೇ ಒಂದು ಕಂಬಕ್ಕೆ ಆತುಕೊಂಡು ಮಧ್ಯಾಹ್ನದ ನಿದ್ದೆ ತೆಗೆಯುತ್ತಿದ್ದ.

ಹೀಗಿದ್ದಾಗ ಸೊಸೈಟಿಯ ಅಧ್ಯಕ್ಷ ತೋಟಪ್ಪ ಸಾಹುಕಾರರು ನರಗುಂದದ ಒಬ್ಬ ಕಾಳಿನ ವ್ಯಾಪಾರಿಯ ಹೊಸ ಮನೆಯ ವಾಸ್ತುಶಾಂತಿಗೆ ಹೋಗಿ ಬಂದರು. ಆ ಮನೆಯ ಮುಂದೆ ಎರಡಂತಸ್ತಿನ ಎತ್ತರಕ್ಕೆ ಬೆಳ್ಳಗಿನ ಕಂಬಗಳು, ತಲೆಯ ಮೇಲೆ ಸುರುಳಿ, ಅದರ ಮೇಲೆ ಮುಕ್ಕೋನದ ಮುಡಿ. ಸಾಹುಕಾರರ ಕಣ್ಣಿಗೆ ಅದೇ ಕುಂತುಬಿಟ್ಟಿತು. "ಅವಂದು ಒಬ್ಬಂದು ಮನಿ ಹಂಗ ಐತಿ, ಸಾವಿರ ಮಂದಿ ಸೊಸೈಟಿ ದನದ ಕೊಟ್ಟಗಿ ಆಗೇತಿ" ಎಂದು ಆಡಳಿತ ಮಂಡಳಿಯ ಮುಂದೆ ಹಂಗಿಸಿದರು. ಬಸವಪ್ರಸಾದ ಎಂಬ ಎಂಜಿನಿಯರು ನಕ್ಷೆ ಮಾಡಿದ. ವಾರ್ಷಿಕ ಸಭೆಯಲ್ಲಿ ಹೊಸ ಕಟ್ಟಡದ ಬಣ್ಣದ ಚಿತ್ರವನ್ನು ಗೋಡೆಯಗಲದ ಬ್ಯಾನರಿನ ಮೇಲೆ ತೂಗುಹಾಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಿದ್ದಲಿಂಗವ್ವನೂ ತಟ್ಟಿದಳು. ಚಿತ್ರವನ್ನು ನೇರ ಎದುರಿನಿಂದ ಬರೆದಿದ್ದರು. ಕಂಬಗಳ ಬುಡದಲ್ಲಿ ಕೆಲವು ಗೆರೆಗಳಿದ್ದವು, ಅವು ಹತ್ತಿ ಹೋಗಬೇಕಾದ ಪಾವಟಿಗೆಗಳೆಂದು ಆಕೆಗೆ ಹೊಳೆಯಲಿಲ್ಲ.

ಕಂಬ ಕಟ್ಟಿದವನು ಮೈನುದ್ದೀನ ಗೌಂಡಿ, ಸಿದ್ದಲಿಂಗವ್ವನ ಓಣಿಯವನೇ. ರೋಣ, ನರಗುಂದ, ಗಜೇಂದ್ರಗಡದಲ್ಲಿ ಇಂಥ ಕಂಬ ಬೇಕೆಂದವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಚ್ಚು ಅವನದೇ, ಸಿಮೆಂಟಿನ ಹದವೂ ಅವನದೇ. ಸಂಜೆ ಅಂಗಡಿಯ ಮುಂದೆ ನಿಂತು ಫೋನಿನಲ್ಲಿ ಫೋಟೋ ತೋರಿಸುತ್ತಿದ್ದ.

"ನೋಡಕ್ಕಾ, ಇದರ ತಲಿ ನೋಡು. ಟಗರಿನ ಕೋಡ ಸುತ್ಕೊಂಡಂಗ ಇಲ್ಲ? ಇದಕ್ಕ ಗ್ರೀಕ್ ಅಂತಾರ."

"ಚಂದ ಐತಿ ಬಿಡೋ. ಯಾರ ಊರಿಂದು?"

"ಯಾರಿಗ್ ಗೊತ್ತು? ಸಾಹುಕಾರ್ರು ಫೋಟೋ ಕೊಡ್ತಾರ, ನಾ ಕಟ್ತೀನಿ."

ಹಳೆಯ ಪಡಸಾಲೆ ಕೆಡವಿದ ದಿನ ಜಂಗ್ಲಿಸಾಬ ಒಂದು ಸಾಗವಾನಿ ಕಂಬದ ಬುಡ ಮುಟ್ಟಿ ನೋಡಿ ಹೋದ. ಅಷ್ಟು ಬಿಟ್ಟರೆ ಯಾರೂ ಮಿಡುಕಲಿಲ್ಲ.

ಉದ್ಘಾಟನೆಯ ದಿನ ಸಿದ್ದಲಿಂಗವ್ವ ಇಳಕಲ್ ಸೀರೆ ಉಟ್ಟು, ಸ್ಕೂಟರಿಗೆ ಹೂವು ಏರಿಸಿಕೊಂಡು ಹೋದಳು. ಬೀದಿ ತಿರುಗಿ ಕಟ್ಟಡದ ಎದುರು ಬಂದವಳೇ ಬ್ರೇಕ್ ಹಿಡಿದಳು. ಎದೆಯೆತ್ತರಕ್ಕೆ ಪಾವಟಿಗೆಗಳು, ಕರಿಯ ಗ್ರಾನೈಟು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಹಿಡಿದುಕೊಳ್ಳಲು ಒಂದು ಸರಳೂ ಇಲ್ಲ. ಮೇಲೆ ಸಾಲಾಗಿ ಎಂಟು ಕಂಬ, ಮುಡಿಯ ಮುಕ್ಕೋನದಲ್ಲಿ ಸಿಮೆಂಟಿನ ಬಸವಣ್ಣ, ಅವನ ಎರಡೂ ಕಡೆ ಜೋಳದ ತೆನೆ. ಜನ ಹತ್ತಿ ಹೋಗುತ್ತಿದ್ದರು. ಮುದುಕರು ಒಬ್ಬರ ಹೆಗಲು ಒಬ್ಬರು ಹಿಡಿದು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

ಮೇಲಿನಿಂದ ತೋಟಪ್ಪ ಸಾಹುಕಾರರು ಆಕೆಯನ್ನು ಕಂಡರು. "ಸಿದ್ದಲಿಂಗವ್ವ ಬಂದಾಳ, ಎತ್ಕೊಂಡ ಬರ್ರೋ!" ಎಂದು ಕೈ ಬೀಸಿದರು.

ಆಕೆ "ಬ್ಯಾಡ್ರಿ, ಬ್ಯಾಡ" ಅನ್ನುತ್ತಿದ್ದ ಹಾಗೆಯೇ ಇಬ್ಬರು ಬಂದರು. ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಮೊಣಕಾಲಿಗೆ. ಹತ್ತಿಯ ಅಂಡಿಗೆ ಎತ್ತಿದ ಹಾಗೆ ಎತ್ತಿದರು. ಸೀರೆ ಮೇಲೆ ಸರಿಯಿತು. ಅಕ್ಕತಂಗಿಯರ ಎದುರಿಗೂ ಆಕೆ ತೋರಿಸದ, ಕಡ್ಡಿಯಂಥ ಕಾಲು ಊರಿನ ಬಿಸಿಲಿಗೆ ಬಿತ್ತು. ಆಕೆಯ ತೋಳೆರಡೂ ಅವರ ಹಿಡಿತದಲ್ಲಿದ್ದುದರಿಂದ ಸೀರೆ ಎಳೆದುಕೊಳ್ಳಲೂ ಆಗಲಿಲ್ಲ. ಯಾರೋ ಚಪ್ಪಾಳೆ ಹೊಡೆದರು. ಸಂಜೆಯೊಳಗೆ ಸದಸ್ಯರ ಫೋನುಗಳಿಗೆಲ್ಲ ಒಂದು ಫೋಟೋ ಬಂತು, ಕೆಳಗೆ ಬರೆದಿತ್ತು: "ಅಂಗವಿಕಲ ಸದಸ್ಯೆಗೂ ಸಂಘದ ಆಸರೆ."

ಎರಡು ದಿನ ಆಕೆ ಅಂಗಡಿ ತೆಗೆಯಲಿಲ್ಲ. ಮೂರನೆಯ ದಿನ ತೆಗೆದಳು. ಅವತ್ತು ಬಟ್ಟೆ ಕತ್ತರಿಸುವ ಸಪ್ಪಳ ಓಣಿಯ ತುದಿಗೂ ಕೇಳುತ್ತಿತ್ತು ಎಂದು ಮೈನುದ್ದೀನ ಹೇಳುತ್ತಾನೆ.

ಮೊದಲು ಎಂಜಿನಿಯರ್ ಬಸವಪ್ರಸಾದನನ್ನು ಹಿಡಿದಳು. ಅವನು ಇನ್ನೊಂದು ಕಟ್ಟಡದ ಕೆಲಸಕ್ಕೆ ಬಂದಿದ್ದಾಗ ಅವನ ಕಾರಿಗೆ ಸ್ಕೂಟರ್ ಅಡ್ಡ ಹಚ್ಚಿದಳು.

"ಸಾಹೇಬ್ರ, ಆ ಪಾವಟಿಗಿ ಪಕ್ಕಕ್ಕ ಒಂದು ಇಳಿಜಾರು ಯಾಕ ಮಾಡ್ಲಿಲ್ಲ?"

ಅವನು ಕೆಟ್ಟ ಮನುಷ್ಯನಲ್ಲ. ಮೆತ್ತಗೇ ಹೇಳಿದ: "ಮಾಡಬಹುದಿತ್ರಿ. ಆದ್ರ ಮುಂದಿನ ನೋಟ ಕೆಡ್ತಿತ್ತು. ಗ್ರೀಕ್ ಶೈಲಿ ಅಂದ್ರ ಎರಡೂ ಕಡೆ ಸಮ ಇರಬೇಕು. ಅಧ್ಯಕ್ಷರು ಬ್ಯಾಡ ಅಂದ್ರು."

"ನೋಟ ಕೆಡ್ತಿತ್ತು!" ಸಿದ್ದಲಿಂಗವ್ವ ಅಂದಳು. "ನನ್ನ ಕಾಲು ಊರಿಗೆಲ್ಲಾ ತೋರಿಸಿದ್ರಲ್ಲ, ಆ ನೋಟ ಚಂದ ಇತ್ತೇನ್ರಿ?"

ಅವನು ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋದ.

ಆ ವಾರ ಗಜೇಂದ್ರಗಡದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ದೇವಿಕಾ ಕುಬಸದ ಅಳತೆ ಕೊಡಲು ಬಂದಳು. ಹಳೆಯ ಗಿರಾಕಿ. ಅಳತೆ ತೆಗೆಯುತ್ತ ತೆಗೆಯುತ್ತಲೇ ಸಿದ್ದಲಿಂಗವ್ವ ಗ್ರೀಕರ ಏಳು ತಲೆಮಾರಿಗೆ ಬೈಯತೊಡಗಿದಳು. ದೇವಿಕಾಗೆ ನಗು ತಡೆಯಲಾಗಲಿಲ್ಲ.

"ಅವರೇನು ಮಾಡ್ಯಾರಕ್ಕಾ ಪಾಪ? ಎರಡೂವರೆ ಸಾವಿರ ವರ್ಷದ ಹಿಂದಿನ ಮಂದಿ. ಅವರ ಗುಡಿ ನೋಡಿ ರೋಮಿನವರು ಕಟ್ಟಿದ್ರು, ಆಮ್ಯಾಲ ಇಂಗ್ಲೀಷರು. ಇಂಗ್ಲೀಷರು ಬಂದು ನಮ್ಮಲ್ಲಿ ಕೋರ್ಟು, ಕಚೇರಿ, ಕಾಲೇಜು ಅದ ನಮೂನಿ ಕಟ್ಟಿದ್ರು. ದೊಡ್ಡ ಕಂಬ ಇದ್ರ ದೊಡ್ಡ ಮನಶ್ಯಾ ಒಳಗ ಅದಾನ ಅಂತ ನಮ್ಮ ತಲ್ಯಾಗ ಕುಂತುಬಿಡ್ತು. ಈಗ ಅಂಗಡಿಗೂ ಅದ, ಲಗ್ನದ ಮಂಟಪಕ್ಕೂ ಅದ."

"ಹಂಗಾರ ಅವರೂ ಮಂದೀನ ಎತ್ಕೊಂಡ ಹೋಗ್ತಿದ್ರೇನು?"

ದೇವಿಕಾ ಫೋನು ತೆಗೆದು ಚಿತ್ರಗಳನ್ನು ತೋರಿಸಿದಳು. ಗುಡಿಗಳಿಗೆ ಎತ್ತರದ ಪಾವಟಿಗೆ ಇದ್ದದ್ದು ಖರೆ. ಆದರೆ ರೋಗಿಗಳು ವಾಸಿಯಾಗಲೆಂದು ಹರಕೆ ಹೊತ್ತು ಬರುತ್ತಿದ್ದ ಒಂದು ಗುಡಿಯ ಬಾಗಿಲಿಗೆ ಕಲ್ಲಿನ ಇಳಿಜಾರು ಇತ್ತು. ಕುಂಟರು, ಮುದುಕರು ಬರುವ ಕಡೆ ಹೆಚ್ಚಾಗಿ ಹಾಗೆ ಇಳಿಜಾರು ಕಟ್ಟಿದ್ದರೆಂದು ಓದಿದವರು ಹೇಳುತ್ತಾರೆ. ಇನ್ನೊಂದು ಚಿತ್ರದಲ್ಲಿ ಸಂತೆಯ ಬಯಲಿನ ಪಕ್ಕಕ್ಕೆ ಉದ್ದಾನುದ್ದ ಕಂಬಗಳ ಸಾಲು, ಮೇಲೆ ಮಾಡು.

"ಇದೇನಿದು? ಯಾವ ದೇವರದು?"

"ದೇವರದಲ್ಲಕ್ಕಾ, ಮಂದೀದು. ಸಂತಿಗೆ ಬಂದವರು ಬಿಸಿಲಿಗೆ, ಮಳಿಗೆ ಇದರಾಗ ಬಂದು ನಿಲ್ತಿದ್ರು. ವ್ಯಾಪಾರ, ವಾದ, ಹರಟಿ ಎಲ್ಲಾ ಇಲ್ಲೇ."

ಸಿದ್ದಲಿಂಗವ್ವ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಕೊರಳಲ್ಲಿದ್ದ ಟೇಪನ್ನು ತೆಗೆದು ಮೇಜಿನ ಮೇಲೆ ಒಗೆದಳು.

"ಅಂದ್ರ ಇದು ಪಡಸಾಲಿ! ನಮ್ಮ ಹಳೇ ಸೊಸೈಟಿ ಪಡಸಾಲಿ! ಇದ್ದ ಪಡಸಾಲಿ ಕೆಡವಿ, ಪಡಸಾಲಿ ಕಟ್ಟಿದವರ ಕಂಬ ತಂದು, ನೆರಳಷ್ಟ ಬಿಟ್ಟು ಬಂದಾರ! ಅಂಗಿ ಹೊಲಿರಿ ಅಂದ್ರ ಬರೇ ಗುಂಡಿ ಹಚ್ಚಿ ಕೊಟ್ಟಂಗ!"

ಇದನ್ನೇ ಹೇಳಲು ಆಕೆ ಮರುದಿನ ತೋಟಪ್ಪ ಸಾಹುಕಾರರ ಅಂಗಡಿಗೆ ಹೋದಳು. ಅವರು ಸುತ್ತಲಿದ್ದವರಿಗೆ ಕಣ್ಣು ಹೊಡೆದು, "ಗ್ರೀಸಿಗೆ ಯಾವಾಗ ಹೋಗಿ ಬಂದೆವ್ವಾ? ಸ್ಕೂಟರ್ ಮ್ಯಾಲ ಹೋಗಿದ್ದೇನು?" ಎಂದರು. ಕೂತವರೆಲ್ಲ ನಕ್ಕರು. ಆಕೆಯ ಮಾತು ಆ ನಗುವಿನಲ್ಲೇ ಮುಗಿಯಿತು.

ಆದರೂ ಏನೋ ಒಂದು ಮಾಡಬೇಕಲ್ಲ ಎಂದು ಹಿಂದಿನ ಬಾಗಿಲಿಗೆ ಸಿಮೆಂಟಿನ ಒಂದು ಇಳಿಜಾರು ಮಾಡಿಸಿದರು. ಕಳಕೇಶ ಅಂಗಡಿಗೇ ಬಂದು ಕರೆದ. ಸಿದ್ದಲಿಂಗವ್ವ ಹೋಗಿ ನೋಡಿದಳು. ಗಟಾರು ದಾಟಿ, ಶೌಚಾಲಯದ ಗೋಡೆಗೆ ಹತ್ತಿಕೊಂಡು, ಗೊಬ್ಬರದ ಚೀಲಗಳ ನಡುವೆ ಹಾದು ಒಳಗೆ ಹೋಗಬೇಕು. ಇಳಿಜಾರೋ, ಬಾವಿಗೆ ಇಳಿಬಿಟ್ಟ ಹಲಗೆಯ ಹಾಗೆ ಕಡಿದಾಗಿತ್ತು. ಹತ್ತಿಸಹೋದರೆ ಸ್ಕೂಟರಿನ ಮುಂದಿನ ಗಾಲಿ ನೆಲ ಬಿಟ್ಟಿತು. ಆಕೆ ಹೆದರಿ ಹಿಂದಕ್ಕೆ ಬಿಟ್ಟಳು.

"ಕಳಕೇಶಪ್ಪಾ, ಈ ಬಾಗಿಲಿಂದ ಏನೇನ ಒಳಗ ಬರ್ತೈತಿ?"

"ಗೊಬ್ಬರ, ಬೀಜ, ಮತ್ತ... ಸಾಮಾನು."

"ಇನ್ನ ಮ್ಯಾಲ ಸಿದ್ದಲಿಂಗವ್ವ. ಹೌದಲ್ಲ? ಸಾಮಾನು ಸಾಲಿಗೆ ಹಚ್ಚಿದ್ರಿ."

ಕಳಕೇಶ ನೆಲ ನೋಡಿದ. "ನನ್ನ ಕೈಯಾಗ ಏನೈತ್ರಿ ಅಕ್ಕಾರ?"

ಮಳೆಗಾಲದಲ್ಲಿ ಆಗಬಾರದ್ದು ಆಯಿತು. ಜಂಗ್ಲಿಸಾಬ ಉಳಿತಾಯದ ಕೆಲಸಕ್ಕೆ ಸೊಸೈಟಿಗೆ ಬಂದವನು ಒದ್ದೆ ಗ್ರಾನೈಟಿನ ಮೇಲೆ ಜಾರಿ, ಅರ್ಧದಿಂದ ಕೆಳತನಕ ಉರುಳಿದ. ಸೊಂಟದ ಎಲುಬು ಮುರಿಯಿತು. ಗದಗಿನ ದವಾಖಾನೆಗೆ ಒಯ್ದರು. ಮೂಳೆ ಕೂಡಿತೆಂದರು, ಆದರೆ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಊರಿಗೆಲ್ಲ ಗಾದಿ ಹೊಲಿದವನು ತಾನು ಹೊಲಿದ ಗಾದಿಯ ಮೇಲೇ ಬಿದ್ದುಕೊಂಡ.

ಸಿದ್ದಲಿಂಗವ್ವ ನೋಡಲು ಹೋದಾಗ ಅವನ ಹೆಂಡತಿ ಮಕ್ತುಮಬಿ ಬಾಗಿಲಲ್ಲೇ ಕೂತಿದ್ದಳು. "ಸೊಸೈಟಿಯವರು ಬಂದಿದ್ರು ಬೇಟಿ" ಎಂದಳು. "ಹಣ್ಣು ತಂದಿದ್ರು. ಸಂಭಾಳಿಸಿ ಹತ್ತಬೇಕಿತ್ತು ಚಾಚಾ ಅಂದ್ರು. ಅಷ್ಟು ವರ್ಷ ಆ ಪಡಸಾಲ್ಯಾಗ ಕುಂತು, ಮಲಗಿ, ಎದ್ದು ಬಂದಾರ. ಒಂದು ದಿನ ಎಡವಿಲ್ಲ. ಈಗ ಇವರದ ತಪ್ಪಂತ."

ಒಳಗಿನಿಂದ ಜಂಗ್ಲಿಸಾಬ, "ಬಿಡು, ಆಗಿದ್ದು ಆತು" ಎಂದ.

"ಬಿಡೂದಿಲ್ಲ ಚಾಚಾ" ಎಂದಳು ಸಿದ್ದಲಿಂಗವ್ವ. ತನ್ನ ಕಾಲು ಊರು ಕಂಡಾಗ ಬಂದದ್ದು ಒಂದು ಥರದ ಸಿಟ್ಟು. ಅದರಲ್ಲಿ ನಾಚಿಕೆಯೂ ಬೆರೆತಿತ್ತು, ಒಬ್ಬಳೇ ನುಂಗಬಹುದಿತ್ತು. ಇದು ಹಾಗಲ್ಲ. ಇದನ್ನು ನುಂಗಿದರೆ ಹೊಟ್ಟೆ ಸುಟ್ಟುಹೋಗುತ್ತದೆ ಅನಿಸಿತು.

ವಾರ್ಷಿಕ ಸಭೆಯ ದಿನ ಬೆಳಿಗ್ಗೆ ಆಕೆ ಎಲ್ಲರಿಗಿಂತ ಮುಂಚೆ ಹೋಗಿ ಪಾವಟಿಗೆಗಳ ಬುಡದಲ್ಲಿ, ನಟ್ಟನಡುವೆ, ಸ್ಕೂಟರ್ ನಿಲ್ಲಿಸಿ ಕೂತಳು. ಮಕ್ತುಮಬಿ ಬಂದು ಪಕ್ಕದಲ್ಲಿ ಚಾದರ ಹಾಸಿಕೊಂಡು ಕೂತಳು. ಆಮೇಲೆ ಬಂದ ಮುದುಕರಲ್ಲಿ ಕೆಲವರು, ಹತ್ತುವುದೋ ಬೇಡವೋ ಎಂದು ನೋಡಿ, ಚಾದರದ ಅಂಚಿಗೆ ಕುಕ್ಕರಿಸಿದರು. ಮೊಣಕಾಲು ನೋವಿನ ಹೆಂಗಸರು, ಉಳಿತಾಯದ ಗುಂಪಿನವರು ಸೇರಿಕೊಂಡರು. ಹತ್ತುವ ತಾಕತ್ತಿದ್ದ ಹರೆಯದ ರೈತರೂ ಏನು ನಡೆದಿದೆ ಎಂದು ನಿಂತರು, ನಿಂತವರು ಹತ್ತಲಿಲ್ಲ. ಮೈನುದ್ದೀನನೂ ಬಂದು ಆಕೆಯ ಹಿಂದೆ ನಿಂತ. ಮೇಲಿನ ಸಭಾಂಗಣದಲ್ಲಿ ಖುರ್ಚಿಗಳು ಖಾಲಿ. ಸಭೆಗೆ ಬೇಕಾದಷ್ಟು ಸದಸ್ಯರೇ ಇಲ್ಲ.

ತೋಟಪ್ಪ ಸಾಹುಕಾರರು ಹೊರಗೆ ಬಂದು ಕಂಬಗಳ ನಡುವೆ ನಿಂತರು. "ಏನವ್ವಾ ಸಿದ್ದಲಿಂಗವ್ವ, ಏನಿದು ನಾಟಕ? ಹುಡುಗರು ಅದಾರ, ಎತ್ಕೊಂಡು..."

"ಇನ್ನೊಮ್ಮಿ ನನ್ನ ಮೈ ಮುಟ್ಟಿದ್ರ ಚೀಲದಾಗ ಕತ್ರಿ ಐತ್ರಿ!" ಆಕೆಯ ದನಿ ಬೀದಿಯ ಆ ತುದಿಗೆ ಮುಟ್ಟಿತು. "ನಾ ಬೀಗತಿಯಾಗಿ ಬಂದಿಲ್ರಿ ಸಾಹುಕಾರ್ರ. ಷೇರುದಾರಳು. ಇದು ನನ್ನ ಮನಿ, ಇವರೆಲ್ಲಾರ ಮನಿ. ನಮ್ಮ ಮನಿಯೊಳಗ ನಮ್ಮನ್ನ ನಾಕು ಮಂದಿ ಹೊತ್ಕೊಂಡ ಹೋಗಾಕ ನಾವೇನ ಹೆಣ ಏನ್ರಿ?"

ಕೂತವರ ತಲೆಗಳೆಲ್ಲ ಮೇಲಕ್ಕೆ, ಸಾಹುಕಾರರ ಕಡೆ ತಿರುಗಿದವು.

"ಇದು ಗ್ರೀಕ್ ಶೈಲಿ..." ಎಂದು ಸಾಹುಕಾರರು ಶುರು ಮಾಡಿದರು.

"ಜಂಗ್ಲಿಸಾಬ ಚಾಚಾ ಬಿದ್ದಿದ್ದು ಯಾವ ಶೈಲಿರಿ? ಸಭಾ ಮಾಡೂದಿದ್ರ ಕೆಳಗ ಬರ್ರಿ. ನಾವು ಇಲ್ಲೇ ಅದೀವಿ."

ಅರ್ಧ ತಾಸು ಅವರು ಬರಲಿಲ್ಲ. ಸಭೆ ಮುರಿದರೆ ಸೊಸೈಟಿಯ ಚುನಾವಣೆಯ ವರ್ಷದಲ್ಲಿ ಮಾತಾಗುತ್ತದೆಂದು ಕಳಕೇಶ ಕಿವಿಯಲ್ಲಿ ಏನೋ ಊದಿದ ಮೇಲೆ, ಖುರ್ಚಿಗಳು ಕೆಳಗಿಳಿದವು, ಮೈಕು ಇಳಿಯಿತು, ಕೊನೆಗೆ ಅಧ್ಯಕ್ಷರು ಒಂದೊಂದೇ ಪಾವಟಿಗೆ ಧೋತರ ಹಿಡಿದುಕೊಂಡು ಇಳಿದರು. ಬಿಸಿಲು ಏರಿತ್ತು. ಎಂಟು ಕಂಬ ಇದ್ದರೂ ಕೆಳಗೆ ಒಂದು ಮಾರು ನೆರಳಿರಲಿಲ್ಲ. ಅಧ್ಯಕ್ಷೀಯ ಭಾಷಣ ಓದುತ್ತ ಸಾಹುಕಾರರು ಮೂರು ಸಲ ಬೆವರು ಒರೆಸಿಕೊಂಡರು. ಸದಸ್ಯರಲ್ಲೊಬ್ಬ, "ಹಳೇ ಪಡಸಾಲಿ ಇದ್ದಿದ್ರ ತಂಪಾಗಿ ಮುಗೀತಿತ್ತು ನೋಡ್ರಿ" ಎಂದ. ಕೂತವರೆಲ್ಲ ನಕ್ಕರು, ಈ ಸಲದ ನಗು ಸಾಹುಕಾರರ ಕಡೆಯದಾಗಿರಲಿಲ್ಲ.

ಮುಂಬಾಗಿಲಿಗೆ ಇಳಿಜಾರು, ಪಾವಟಿಗೆಗೆ ಹಿಡಿಸರಳು, ಕೆಳಗೆ ಕೂಡಲು ತಗಡಿನ ಒಂದು ನೆರಳು, ಜಂಗ್ಲಿಸಾಬನ ದವಾಖಾನೆಯ ಖರ್ಚು ಸಂಘದ್ದು: ಇಷ್ಟೂ ಅವತ್ತೇ ಠರಾವಾಯಿತು. ಕೈ ಎತ್ತದವರು ಯಾರೂ ಇರಲಿಲ್ಲ. ಸಾಹುಕಾರರು ಕೊನೆಗೆ ಎತ್ತಿದರು.

ಬಸವಪ್ರಸಾದನೇ ಬಂದು ಅಳತೆ ತೆಗೆದ. ಸಿದ್ದಲಿಂಗವ್ವನನ್ನು ಕರೆಸಿ, ಸ್ಕೂಟರ್ ಹತ್ತಿಸಿ ಇಳಿಸಿ ನೋಡಿ, ಇಳಿಜಾರನ್ನು ಉದ್ದಕ್ಕೆ ಎಳೆದು ಮೆತ್ತಗೆ ಮಾಡಿದ. ಎಡ ತುದಿಯ ಕಂಬವೊಂದು ದಾರಿಗೆ ಅಡ್ಡ ಬರುತ್ತಿತ್ತು. ತೆಗೆದರೆ ಮುಡಿ ಬೀಳುತ್ತದೋ ಎಂದು ಸಾಹುಕಾರರು ಗಾಬರಿಯಾದರು. ಬಸವಪ್ರಸಾದ ತಲೆಯಾಡಿಸಿದ: "ಅದರ ಮ್ಯಾಲ ಭಾರ ಇಲ್ರಿ. ಒಳಗಿನ ತೊಲಿ ಹೊತ್ತೈತಿ. ಇದು ಚಂದಕ್ಕ."

ಒಡೆಯುವ ದಿನ ಮೈನುದ್ದೀನ ಸುತ್ತಿಗೆ ಹಿಡಿದು ಸುಮ್ಮನೆ ನಿಂತುಬಿಟ್ಟ. ಆ ಸುರುಳಿಯನ್ನು ತಿದ್ದಲು ಅವನು ಬಹಳ ಪರದಾಡಿದ್ದ.

"ನಿನಗ ಒಡೆಯಾಕ ಆಗಲಿಲ್ಲಂದ್ರ ಬ್ಯಾರೇದವರನ್ನ ಕರೀತೇನಿ ಬಿಡು" ಎಂದಳು ಸಿದ್ದಲಿಂಗವ್ವ, ಆಕೆಯ ಮಟ್ಟಿಗೆ ಬಹಳ ಮೆತ್ತಗೆ.

"ಬ್ಯಾಡಕ್ಕಾ. ನಾ ಕಟ್ಟಿದ್ದು, ನಾನ ಇಳಸ್ತೀನಿ." ಸುರುಳಿಯ ತಲೆಯನ್ನು ಒಡೆಯದೆ ಇಡಿಯಾಗಿ ಬಿಡಿಸಿ ಮನೆಗೆ ಒಯ್ದ. ಕಂಬ ಹೋದ ಮೇಲೆ ಮುಡಿ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅದನ್ನು ನೋಡಿ ಸಿದ್ದಲಿಂಗವ್ವನಿಗೆ ಸಮಾಧಾನ ಆಗಬೇಕಿತ್ತು, ಮತ್ತೆ ಸಿಟ್ಟೇ ಬಂತು. ಏನೂ ಹೊರದ ಕಂಬಕ್ಕಾಗಿ ಇಷ್ಟೆಲ್ಲ!

ಈಗ ಆಕೆ ಮುಂಬಾಗಿಲಿನಿಂದಲೇ ಸ್ಕೂಟರ್ ಸಮೇತ ಒಳಗೆ ಹೋಗುತ್ತಾಳೆ. ಸಂತೆಯ ದಿನ ತಗಡಿನ ನೆರಳಲ್ಲಿ ನಾಕು ಮಂದಿ ರೊಟ್ಟಿ ಬಿಚ್ಚುತ್ತಾರೆ. ಎಷ್ಟೋ ದಿನ ಇಳಿಜಾರಿನ ಮೇಲೆ ಯಾರದೋ ಮೋಟಾರ್ ಸೈಕಲ್ಲು ನಿಂತಿರುತ್ತದೆ. ಅದರ ಮಾಲಕ ಹೊರಗೆ ಬರುವತನಕ ಆಕೆ ಹಾರ್ನ್ ಒತ್ತಿದ ಕೈ ತೆಗೆಯುವುದಿಲ್ಲ. ಜಂಗ್ಲಿಸಾಬ ಮಾತ್ರ ಆ ಇಳಿಜಾರು ಹತ್ತಲಿಲ್ಲ. ಅದು ಮುಗಿಯುವುದಕ್ಕೆ ಮೊದಲೇ ತೀರಿಕೊಂಡ. ಅದರ ಮಾತು ಬಂದರೆ ಸಿದ್ದಲಿಂಗವ್ವ ಬೈಯುವುದನ್ನೂ ಬಿಟ್ಟು ಹೊಲಿಗೆ ಯಂತ್ರ ಶುರು ಮಾಡುತ್ತಾಳೆ.

ಮೊನ್ನೆ ಮೈನುದ್ದೀನ ಬಂದು ಹೇಳಿದ: ಗಜೇಂದ್ರಗಡದಲ್ಲಿ ಒಂದು ಲಗ್ನದ ಮಂಟಪ ಏಳುತ್ತಿದೆ, ಅವೇ ಕಂಬ, ಅಷ್ಟೇ ಎತ್ತರದ ಪಾವಟಿಗೆ. ಇಳಿಜಾರು ಎಲ್ಲಿ ಎಂದು ಅವನು ಕೇಳಿದ್ದಕ್ಕೆ, ಆ ಕೆಲಸ ಬೇರೆ ಗೌಂಡಿಗೆ ಕೊಟ್ಟರಂತೆ.

ಸಿದ್ದಲಿಂಗವ್ವ ಹೊಲಿಯುತ್ತಿದ್ದ ಕುಬಸವನ್ನು ಅರ್ಧಕ್ಕೇ ಬಿಟ್ಟಳು.

"ಮಾಲಕರ ಹೆಸರೇನಂದಿ?"